ಮಾಲಕರ ಮಗಳ ಲಗ್ನಕ್ಕೆ ಗೋರಖನಾಥ

ಗೋರಖನಾಥನಿಗೆ ಸಿಟ್ಟು ಮಾಡಲು ಒಂದು ಜಾಗ ಬೇಕಾಗಿತ್ತು. ಆ ಜಾಗ ಬೀದರದ ಗಾಂಧಿ ಗಂಜಿನಲ್ಲಿ ಕಾಳುಕಡಿ ದಲಾಲಿ ಮಾಡುವ ನನ್ನ ಅಡತಿ ಅಂಗಡಿ ಆಯಿತು. ನನ್ನ ಗ್ರಹಚಾರ.

ಅವನು ಬೀದರದ ಹತ್ತಿರದ ಕೊಳಾರದ ಒಂದು ದಾಲ್ ಮಿಲ್ಲಿನಲ್ಲಿ ಮಶೀನು ನಡೆಸುವವ. ಮಿಲ್ಲಿನ ಹೆಸರು ಬರೆಯುವುದಿಲ್ಲ, ನಾಳೆಯೂ ನಾನು ಗಂಜಿನಲ್ಲಿ ಅಂಗಡಿ ತೆರೆಯಬೇಕು. ತೊಗರಿ ಸ್ಯಾಂಪಲ್ ಒಯ್ಯಲು ಮಿಲ್ಲಿನ ಟೆಂಪೋದಲ್ಲಿ ಬಂದನೆಂದರೆ ಮೊದಲು ಚಹಾ, ಆಮೇಲೆ ಮಾಲಕರಿಗೆ ಬೈಗುಳ, ಎಲ್ಲಾ ಮುಗಿದ ಮೇಲೆ ತೊಗರಿ. ಹಮಾಲರು ಮೂಟೆ ಇಳಿಸುವುದು ಬಿಟ್ಟು ಕೇಳುತ್ತಿದ್ದರು. ಅವನ ಬೈಗುಳದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಾಲಿನಲ್ಲಿ ಜಗಳವಿಲ್ಲದೆ ಕೂಡುತ್ತಿದ್ದವು.

"ಸಾವಕಾರ್ರ, ಮಾಸ್ಕ್ ಕೊಟ್ಟಾರ್ರಿ ನಮಗ," ಅಂದ ಒಮ್ಮೆ.

"ಚಲೋ ಆತಲ್ಲೋ. ತೊಗರಿ ಹೊಟ್ಟಿನ ಧೂಳಾಗ ಕೆಮ್ಮಿ ಸಾಯಾಕ ಹತ್ತಿದ್ದಿ."

"ಕೇಳ್ರಿ ಮುಂದ. ಫ್ಯಾಕ್ಟರಿ ನೋಡೋ ಸಾಹೇಬರ ಜೀಪು ಗೇಟಿನಾಗ ಬಂತು, ಮಾಸ್ಕ್ ಕೊಟ್ಟರು. ಜೀಪು ಹೋತು, ವಾಪಸ್ ತಗೊಂಡರು. ಹೊಲಸ ಮಾಡಬ್ಯಾಡ್ರಿ, ಮುಂದಿನ ಸಲ ಬೇಕಾಗ್ತಾವ ಅಂದರು. ಮೊನ್ನೆ ಮತ್ತ ಜೀಪು ಬಂತು, ನನ್ನ ಮಾಸ್ಕ್ ಕಾಳು ಆರಸೋ ತಹಮೀನಾಗ, ತಹಮೀನಾಂದು ನನಗ. ಅದರಾಗೂ ಫ್ಯಾಮಿಲಿ!"

ಫ್ಯಾಮಿಲಿ ಅನ್ನುವುದು ಆ ಮಿಲ್ಲಿನ ಮಾಲಕರಾದ ಭಾಲಚಂದ್ರ ಅವರ ಮಾತು. ಪುಣೆಯಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದಾಗಿನಿಂದ ಹಿಡಿದುಕೊಂಡದ್ದು. "ನಾವು ಮಾಲಕ ಮಜೂರ ಅಲ್ಲ, ಒಂದೇ ಫ್ಯಾಮಿಲಿ" ಎಂದು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಫ್ಯಾಮಿಲಿಯಲ್ಲಿ ಯಾರಾದರೂ ಓವರ್‌ಟೈಮ್ ಕೇಳುತ್ತಾರೆಯೇ? ಕೇಳುವುದಿಲ್ಲ. ಭಾನುವಾರ ಮಾಲಕರ ಮನೆಗೆ ಸುಣ್ಣ ಬಳಿಯುವುದಿದ್ದರೆ ಫ್ಯಾಮಿಲಿಯವರು ಬರಬೇಕಲ್ಲವೇ? ಬರಬೇಕು. ಕಾಳು ಆರಿಸುವ ತಹಮೀನಾ ತನ್ನ ತಾಯಿ ಆಸ್ಪತ್ರೆಯಲ್ಲಿದ್ದಾಳೆ ಎಂದು ರಜೆ ಕೇಳಿದಾಗ ಮಾಲಕರು ಬೇಸರ ಮಾಡಿಕೊಂಡು, "ಫ್ಯಾಮಿಲಿಗಿಂತ ದೊಡ್ಡದು ಏನದವಾ?" ಅಂದರಂತೆ. ತಾಯಿ ಯಾವ ಲೆಕ್ಕಕ್ಕೆ ಬಂದಳೋ ತಹಮೀನಾಗೆ ತಿಳಿಯಲಿಲ್ಲ. ರಜೆ ಸಿಗಲಿಲ್ಲ, ಅದು ಮಾತ್ರ ತಿಳಿಯಿತು.

ಇಷ್ಟೆಲ್ಲಾ ಹೇಳಿ ಗೋರಖನಾಥ ನನ್ನ ಗಾದಿಯ ಅಂಚು ಗುದ್ದುತ್ತಿದ್ದ. "ಒಂದು ದಿನ ಮುಖಕ್ಕ ಮುಖ ಕೊಟ್ಟು ಹೇಳ್ತೇನಿ ನೋಡ್ರಿ!"

ಹೇಳುವವನಲ್ಲ ಎಂಬುದು ನನಗೆ ಗೊತ್ತಿತ್ತು. ಒಮ್ಮೆ ದಾಲ್ ವಿಷಯಕ್ಕೆ ನಾನೇ ಮಿಲ್ಲಿಗೆ ಹೋಗಿದ್ದೆ. ನನ್ನೆದುರಿಗೇ ಭಾಲಚಂದ್ರ, "ಗೋರಖ, ಈ ವಾರ ಔರಾದಕ್ಕ ಹೋಗಬ್ಯಾಡ, ಮಾಲು ಅರ್ಜೆಂಟ್ ಅದ," ಅಂದರು. ಹೆಂಡತಿ ಮಗಳು ಔರಾದದಲ್ಲಿ, ಇವನು ಕೊಳಾರದ ಬಾಡಿಗೆ ಖೋಲಿಯಲ್ಲಿ. ವಾರಕ್ಕೊಮ್ಮೆ ಊರಿಗೆ ಹೋಗುವುದೇ ಅವನ ಸುಖ. ನನ್ನ ಗಾದಿ ಗುದ್ದುವ ಗಂಡಸು ಕೈ ಕಟ್ಟಿಕೊಂಡು, "ಹೂಂರಿ ಮಾಲಕರ," ಅಂದ. ಮುಂದಿನ ಸಲ ಅಂಗಡಿಗೆ ಬಂದಾಗ ನಾನೂ ಬಿಡಲಿಲ್ಲ. "ಏನೋ ಹುಲಿ, ಮುಖಕ್ಕ ಮುಖ ಕೊಟ್ಟಿ ಏನು?" ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಈ ಹುಲಿಗೆ ಒಂದು ದಿನ ಲಗ್ನಪತ್ರಿಕೆ ಬಂತು.

ಬಂದ ರೀತಿ ಹೇಳಬೇಕು, ಯಾಕೆಂದರೆ ಅವನು ಮೋಸ ಹೋದದ್ದು ಅದರಿಂದಲೇ. ನಮ್ಮ ಕಡೆ ಪತ್ರಿಕೆಯನ್ನು ಆಳಿನ ಕೈಯಲ್ಲಿ ಕಳಿಸಿದರೆ ಒಂದು ಅರ್ಥ, ಪೋಸ್ಟಿನಲ್ಲಿ ಕಳಿಸಿದರೆ ಇನ್ನೊಂದು ಅರ್ಥ. ಮನೆಯ ಯಜಮಾನನೇ ಬಂದು, ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಕಿಕಾಳು ಇಟ್ಟು, ಹೆಸರು ಹಿಡಿದು ಕರೆದರೆ ಹೋಗದೆ ಇರಲಿಕ್ಕೆ ಬರುವುದಿಲ್ಲ. ಹೋಗದಿದ್ದರೆ ಆ ಮನೆಗೂ ಈ ಮನೆಗೂ ಮುಗಿಯಿತು. ಭಾಲಚಂದ್ರ ಮತ್ತು ಅವರ ಹೆಂಡತಿ ನಲಿನಿಬಾಯಿ ಇಬ್ಬರೂ ಮಿಲ್ಲಿಗೆ ಬಂದು, ಧೂಳಿನಲ್ಲಿ ನಿಂತು, ಒಬ್ಬೊಬ್ಬರಿಗೂ ಹಾಗೆಯೇ ಕೊಟ್ಟರು. "ಗೋರಖ, ನಮ್ಮ ಮಗಳು ವರದಾಂದು ಲಗ್ನ ಭಾಲ್ಕಿಯೊಳಗ. ಹೆಂಡ್ತಿ ಸುಭದ್ರಾಬಾಯೀನ್ನ, ಮಗಳು ಸಪನಾನ್ನ ಕರಕೊಂಡು ಬರಬೇಕು ಮತ್ತ. ಸಹಕುಟುಂಬ!" ಅಂದರು. ಯಾರೋ ಫೋಟೋ ತೆಗೆದರು.

ಗೋರಖನಾಥ ಅಂದು ನನ್ನ ಅಂಗಡಿಗೆ ಬಂದಾಗ ಹಣೆಯ ಕುಂಕುಮ ಹಾಗೇ ಇತ್ತು. ಬೈಗುಳ ಒಂದೂ ಬರಲಿಲ್ಲ. ನನಗೆ ಗಾಬರಿಯಾಯಿತು.

"ಮಾಲಕರು ಮನಸಿನಾಗ ಕೆಟ್ಟವರಲ್ರಿ ಸಾವಕಾರ್ರ. ಮ್ಯಾನೇಜರ್ ನಿತಿನಂದ ಎಲ್ಲಾ ಹಲ್ಕಟ್ಟುತನ."

"ಅಕ್ಕಿಕಾಳು ಎಷ್ಟು ಕೊಟ್ಟಾರೋ ನಿನಗ? ಇಷ್ಟು ಲಗೂನ ಬೆಂದು ಮೆತ್ತಗಾದಿ!"

"ನಗ್ರಿ ನಗ್ರಿ. ನನ್ನ ಹೆಂಡ್ತಿ ಹೆಸರು ನೆನಪಿಟ್ಟಾರ. ಸಪನಾನ ಹೆಸರೂ ನೆನಪಿಟ್ಟಾರ." ಅವನು ಹಣೆಯ ಕುಂಕುಮ ಒಮ್ಮೆ ಮುಟ್ಟಿ ನೋಡಿಕೊಂಡ. "ಆಹೇರ ಏನು ಒಯ್ಯಬೇಕು, ಹೇಳ್ರಿ. ಬರೀ ಕೈಲೆ ಹ್ಯಾಂಗ ಹೋಗಲಿ?"

ಆಹೇರ ಎಂದರೆ ಮದುವೆ ಮನೆಗೆ ಒಯ್ಯುವ ಬಟ್ಟೆಬರೆ. ನಮ್ಮಲ್ಲಿ ಅದನ್ನು ಸುಮ್ಮನೆ ಕೈಗಿಟ್ಟು ಬರುವುದಿಲ್ಲ. ಮಂಟಪದ ಮೇಲೆ ಒಬ್ಬರು ಮೈಕ್ ಹಿಡಿದು ಯಾವ ಊರಿನ ಯಾರಿಂದ, ಯಾರಿಗೆ, ಏನು ಎಂದು ಕೂಗುತ್ತಾರೆ. ಊರು ಕೇಳುತ್ತದೆ, ಮನಸ್ಸಿನಲ್ಲಿ ಬರೆದುಕೊಳ್ಳುತ್ತದೆ. ಮದುಮಗಳಿಗೆ ಒಂದು ಸೀರೆ ಒಯ್ಯಿ, ಸಾಕು ಅಂದೆ. ಸುಭದ್ರಾಬಾಯಿ ಔರಾದದಿಂದ ಬಂದು ಬೀದರದ ಅಂಗಡಿಗಳನ್ನೆಲ್ಲಾ ಸುತ್ತಿ ಒಂದು ನೇರಳೆ ಸೀರೆ ಆರಿಸಿದಳು. ಆಕೆ ಔರಾದದಲ್ಲಿ ಅಂಗನವಾಡಿ ಟೀಚರು. ಗಂಡನ ಸಿಟ್ಟೆಲ್ಲಾ ಬಾಯಲ್ಲಿದ್ದರೆ ಆಕೆಯದು ಕಣ್ಣಲ್ಲಿ. ಮಗಳು ಸಪನಾ ಬೀದರದಲ್ಲಿ ನರ್ಸಿಂಗ್ ಓದುತ್ತಾಳೆ. ಮಾಲಕರ ಮಗಳ ಲಗ್ನ ಅಂದರೆ ಅಪ್ಪ ಕೆಲಸ ಮಾಡುವ ಕಡೆ ಅವನಿಗೆಷ್ಟು ಮಾನ ಇದೆ ಎಂದು ಅವಳು ನೋಡುವ ದಿನ. ಗೋರಖನಾಥ ಹೊಸ ಅಂಗಿ ಹೊಲಿಸಿದ್ದು ಅದಕ್ಕೇ.

ಲಗ್ನದ ದಿನ ನಾನೂ ಭಾಲ್ಕಿಗೆ ಹೋಗಿದ್ದೆ. ದೊಡ್ಡ ಲಗ್ನದ ಹಾಲ್. ಬೀಗರು ಸಾಯಗಾಂವದವರು, ದೊಡ್ಡ ಒಕ್ಕಲುತನ, ಅದಕ್ಕಿಂತ ದೊಡ್ಡದು ತಲೆಯ ಪಟಗ. ಗೇಟಿನಲ್ಲಿ ಅತ್ತರು ಹಚ್ಚುತ್ತಿದ್ದವರು ಭಾಲಚಂದ್ರರ ಕಡೆಯ ಯಾರೋ ಹಿರಿಯರು. ಅವರಿಗೆ ಮಿಲ್ಲಿನ ಮಂದಿ ಯಾರೂ ಗುರುತಿಲ್ಲ. ಹೀಗಾಗಿ ಗೋರಖನಾಥನಿಗೂ ಹೆಂಡತಿ ಮಗಳಿಗೂ "ಬರ್ರಿ ಬರ್ರಿ" ಎಂದು ಗುಲಾಬಿ ನೀರು ಚಿಮುಕಿಸಿ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವನು ತಿರುಗಿ ನನ್ನನ್ನು ನೋಡಿ ಮೀಸೆ ಮುಟ್ಟಿಕೊಂಡ. ಮುಂದೆ ನಾನಿದ್ದೇನೆ, ಹಿಂದೆ ನೀವಿದ್ದೀರಿ ಎಂದು ಅರ್ಥ. ತಿರುಗಿ ನಗುವುದು ಬಿಟ್ಟು ನನಗೆ ಏನೂ ಉಳಿಯಲಿಲ್ಲ.

ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಮೊದಲೇ ಮ್ಯಾನೇಜರ್ ನಿತಿನ ಓಡಿ ಬಂದ.

"ಏ ಗೋರಖ, ಇಲ್ಯಾಕ ಕುಂತೀ? ಹಿಂದ ಬಾ. ವೈನಿ, ನೀವೂ ಬರ್ರಿ. ಸಪನಾ, ನೀನೂ."

ಹಿಂದೆ ನಡೆದದ್ದನ್ನು ಮಿಲ್ಲಿನ ಟೆಂಪೋ ಡ್ರೈವರ್ ನಂದಕುಮಾರ ಆಮೇಲೆ ನನಗೆ ಹೇಳಿದ. ಕೆಟ್ಟ ಮಾತುಗಳನ್ನು ಬಿಟ್ಟು ಹೇಳಿದ, ಅಂದರೆ ಬಹಳಷ್ಟು ಬಿಟ್ಟಿರಬೇಕು.

ಹಾಲಿನ ಹಿಂದೆ ಅಡುಗೆಯ ಅಂಗಳ. ಅಲ್ಲಿ ಮಿಲ್ಲಿನ ಮಂದಿಯೆಲ್ಲಾ ಹಳದಿ ಟೀ ಶರ್ಟು ಹಾಕಿಕೊಂಡು ನಿಂತಿದ್ದರು. ಎದೆಯ ಮೇಲೆ ಮಿಲ್ಲಿನ ಹೆಸರು. ಕೆಲವರ ಬೆನ್ನ ಮೇಲೆ "ಸರ್ವಿಂಗ್ ಟೀಮ್", ಕೆಲವರ ಬೆನ್ನ ಮೇಲೆ "ಕ್ಲೀನಿಂಗ್ ಟೀಮ್". ನಂದಕುಮಾರನ ಕೈಯಲ್ಲಿ ಬುಂದಿಯ ಬಕೆಟ್ಟು. ತಹಮೀನಾ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಟಬ್ಬು ಹಿಡಿದು ನಿಂತಿದ್ದಳು, ಎಂಜಲ ತಾಟು ಬೀಳಲೆಂದು. ಅವಳೂ ಹೊಸ ಬಟ್ಟೆ ಹಾಕಿಕೊಂಡೇ ಬಂದಿದ್ದಳು, ಅದರ ಮೇಲೆ ಹಳದಿ ಟೀ ಶರ್ಟು.

ನಿತಿನ ಕವರಿನಲ್ಲಿದ್ದ ಹೊಸ ಟೀ ಶರ್ಟು ತೆಗೆದು ಗೋರಖನಾಥನ ಕೈಗಿಟ್ಟ. "ನಿಂದು ತಾಟ ಎತ್ತೋದು. ವೈನಿ, ಹೆಂಗಸರ ಕಡೆ ತಿಕ್ಕೋ ಭಾಂಡೆ ಅದಾವ, ಸ್ವಲ್ಪ ನೋಡ್ಕೋರಿ. ನಮ್ಮ ಮನೀದ ಲಗ್ನ ಅಲ್ಲೇನ್ರಿ, ಎಲ್ಲಾರೂ ಕೈ ಹಾಕಬೇಕು."

ಸುಭದ್ರಾಬಾಯಿ ಸೆರಗು ಸರಿಮಾಡಿಕೊಂಡಳು. "ಬಡಸೋರು ಯಾರ್ರಿ?"

"ಬಡಸಾಕ ನಂದಕುಮಾರ, ಮತ್ತ ಆ ನಾಕೈದು ಮಂದಿ."

"ಎತ್ತೋರು?"

"ಗೋರಖ, ತಹಮೀನಾ, ಆ ಹುಡುಗ್ರು..."

"ಈ ಭಾಗಾ ಮಾಡಿದ್ದು ಯಾರು?"

ನಿತಿನ ನಕ್ಕ. "ಹಂಗೇನಿಲ್ಲ ವೈನಿ. ಬೀಗರ ಕಡೆ ಹಳೇ ಮಂದಿ ಇರ್ತಾರ. ಅಡಿಗಿ ಮುಟ್ಟೋದು, ಬಡಸೋದು... ಸುಮ್ನ ಮಾತು ಯಾಕ ಅಂತ. ಅಡ್ಜಸ್ಟ್ ಮಾಡ್ರಿ."

ಗೋರಖನಾಥನ ಮನೆತನ ದಲಿತರಿದ್ದು ಬೌದ್ಧರಾದವರದು. ಮಿಲ್ಲಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಒಂದೇ ಡ್ರಮ್ಮಿನ ನೀರು ಕುಡಿಯುವವರು. ಯಾರ ರಜೆ ಎಂದು ಎಂದೂ ನೆನಪಿಟ್ಟುಕೊಳ್ಳದ ಮ್ಯಾನೇಜರಿಗೆ ಯಾರು ಯಾವ ಓಣಿಯವರು ಎಂಬುದು ಮಾತ್ರ ಬಾಯಿಪಾಠವಾಗಿತ್ತು. ಮಾಲಕರು ಹೇಳಿಕೊಟ್ಟಿದ್ದರೋ, ಇವನೇ ಕಲಿತಿದ್ದನೋ, ನನಗೆ ಅದರಲ್ಲಿ ದೊಡ್ಡ ಫರಕು ಕಾಣುವುದಿಲ್ಲ. ಮದುವೆಗೆ ಕರೆದು, ಹಣೆಗೆ ಕುಂಕುಮ ಹಚ್ಚಿ, ಹೆಂಡತಿ ಮಗಳ ಹೆಸರು ಹಿಡಿದು ಕರೆದು, ಎಂಜಲಿನ ಹತ್ತಿರ ತಂದು ನಿಲ್ಲಿಸುವ ಬುದ್ಧಿ ಇದೆಯಲ್ಲ, ಅದಕ್ಕೆ ಪುಣೆಯ ತರಬೇತಿ ಬೇಕಾಗುವುದಿಲ್ಲ.

ಸಪನಾ ಅಪ್ಪನನ್ನೇ ನೋಡುತ್ತಿದ್ದಳು. "ಪಪ್ಪಾ, ನಮ್ಮನ್ನ ಕೆಲಸಕ್ಕ ಕರೆದಿದ್ರೇನು?"

ಗೋರಖನಾಥನ ಬಾಯಿಂದ "ಹೂಂರಿ" ಹೊರಟೇಬಿಟ್ಟಿತ್ತು ಅನ್ನುತ್ತಾನೆ ನಂದಕುಮಾರ. ತುಟಿಯ ತನಕ ಬಂದಿತ್ತಂತೆ. ಮಗಳ ಮಾತು ಕೇಳಿ ಅಲ್ಲೇ ನಿಂತಿತು. ಅವನು ಟೀ ಶರ್ಟಿನ ಕವರು ತಿರುಗಿಸಿ ನೋಡಿದ. ಆಮೇಲೆ ಹೆಂಡತಿಗೆ, "ನಡಿ," ಅಂದ.

"ಊರಿಗೇನು?"

"ಊರಿಗ್ಯಾಕ? ಆಹೇರ ಕೊಡೂದು ಅದ."

ಇಲ್ಲಿಂದ ನಾನು ಕಣ್ಣಾರೆ ಕಂಡದ್ದು. ಅಕ್ಕಿಕಾಳು ಬಿದ್ದು, ಮಂಟಪದ ಮುಂದೆ ಆಹೇರದ ಸಾಲು ಹತ್ತಿತ್ತು. ಮೈಕ್ ಹಿಡಿದವರು ಭಾಲ್ಕಿಯ ಒಬ್ಬ ನಿವೃತ್ತ ಮಾಸ್ತರರು. ಸಾಲಿ ಹುಡುಗರ ಹಾಜರಿ ಕೂಗಿದ ದನಿ, ಹಾಲಿನ ಹೊರಗಿನ ಬಸ್ ಸ್ಟಾಪಿಗೂ ಕೇಳುವಂಥದ್ದು. ಸಾಲಿನಲ್ಲಿ ಗೋರಖನಾಥ, ಹಿಂದೆ ಸುಭದ್ರಾಬಾಯಿ, ಸಪನಾ. ನಿತಿನ ಪಕ್ಕಕ್ಕೆ ಬಂದು ಏನೋ ಪಿಸುಗುಟ್ಟಿದ. ಸುಭದ್ರಾಬಾಯಿ ಅವನ ಕಡೆ ಒಮ್ಮೆ ನೋಡಿದಳು. ಅವನು ಹಿಂದೆ ಸರಿದ. ಅಂಗನವಾಡಿಯ ಮಕ್ಕಳು ಹೇಗೆ ಸುಮ್ಮನೆ ಕೂರುತ್ತವೆ ಎಂದು ನನಗೆ ಆಗ ತಿಳಿಯಿತು.

"ಔರಾದದ ಗೋರಖನಾಥ ಮತ್ತು ಸುಭದ್ರಾಬಾಯಿ ಅವರಿಂದ ಮದುಮಗಳು ವರದಾ ಅವರಿಗೆ ಸೀರೆ!" ಮಾಸ್ತರರು ಕೂಗಿದರು. ವರದಾ ನಕ್ಕು ತಲೆ ಬಗ್ಗಿಸಿದಳು. ಆ ಹುಡುಗಿಗೆ ಇದರಲ್ಲಿ ಏನೂ ಗೊತ್ತಿರಲಿಕ್ಕಿಲ್ಲ.

ಗೋರಖನಾಥ ಇಳಿಯಲಿಲ್ಲ. ಕವರು ಮುಂದೆ ಮಾಡಿದ.

"ಇದು ಯಾರಿಗ್ರಿ?"

"ಮದುಮಗಳ ತಂದಿಗ್ರಿ. ಅಂಗಿ."

"ಮದುಮಗಳ ತಂದೆ ಭಾಲಚಂದ್ರ ಅವರಿಗೆ ಅಂಗಿ!" ಮಾಸ್ತರರು ಕೂಗಿ, ಕವರು ಬಿಚ್ಚಿ, ಬಿಡಿಸಿ ಎತ್ತಿ ಹಿಡಿದರು. ಹಾಜರಿ ಕರೆದ ಅಭ್ಯಾಸ; ಕಂಡ ಅಕ್ಷರವನ್ನು ಓದದೆ ಬಿಡುವವರಲ್ಲ. "ಹಳದಿ ಬಣ್ಣದ್ದು. ಹಿಂದೆ ಬರೆದದ್ದು, ಕ್ಲೀನಿಂಗ್ ಟೀಮ್!"

ಭಾಲಚಂದ್ರ ಶೇರವಾನಿಯೊಳಗೆ ಕೆಂಪಾದರು. "ಗೋರಖ, ಏನಿದು?" ಎಂದು ಮೆಲ್ಲಗೆ ಅಂದರು. ಮೈಕ್ ಹತ್ತಿರವಿತ್ತು, ಮೆಲ್ಲಗೆ ಅಂದದ್ದು ಹಾಲಿಗೆಲ್ಲಾ ಕೇಳಿತು.

"ನೀವು ಕೊಟ್ಟಿದ್ದೇರಿ ಮಾಲಕರ. ನಮ್ಮ ಮಿಲ್ಲಿನ ಮಂದಿಗೆಲ್ಲಾ ಒಂದೊಂದು ಕೊಡಾಕ ಹತ್ತಿದ್ದರು ಹಿಂದ ಅಡಿಗಿ ಅಂಗಳದಾಗ. ನಾವು ಉಣ್ಣಾಕ ಬಂದವರು, ನಮಗ ಬ್ಯಾಡ. ಫ್ಯಾಮಿಲಿಯೊಳಗ ಹಿರೇರು ನೀವು, ಮೊದಲ ನೀವು ಹಾಕ್ಕೋಬೇಕು."

ಸಾಯಗಾಂವದ ಬೀಗರು ಸ್ವಲ್ಪ ಕಿವಿ ಮಂದ, ಸ್ವಲ್ಪ ಖುಷಿಯ ಮನುಷ್ಯ. ಅವರಿಗೆ ಆಹೇರ ಅನ್ನುವುದು ಮಾತ್ರ ಕೇಳಿಸಿರಬೇಕು. "ಹಾಕ್ಕೋರಿ ಬೀಗರ! ಆಹೇರ ಮೈಮ್ಯಾಲ ಹಾಕ್ಕೊಳ್ಳದ ಇಳಸಬಾರದು!" ಎಂದು ತಾವೇ ಎದ್ದು ಟೀ ಶರ್ಟನ್ನು ಭಾಲಚಂದ್ರರ ಹೆಗಲ ಮೇಲೆ ಹೊದಿಸಿಬಿಟ್ಟರು. ಫೋಟೋದವನು ಫೋಟೋ ಹೊಡೆದ. ಆಗ ಅಡುಗೆಯ ಬಾಗಿಲಲ್ಲಿ ಹಳದಿ ಟೀ ಶರ್ಟಿನ ಮಂದಿ ಬಕೆಟ್ಟು ಹಿಡಿದು ನಿಂತದ್ದು ಬೀಗರ ಕಣ್ಣಿಗೆ ಬಿತ್ತು. ಒಮ್ಮೆ ಅತ್ತ ನೋಡಿದರು, ಒಮ್ಮೆ ಇತ್ತ. "ಅಲ್ರಿ ಬೀಗರ, ಇದು ತಾಟ ಎತ್ತೋರ ಅಂಗಿ ಅಲ್ಲೇನು?"

ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ನಾನೂ ನಕ್ಕೆ, ಗಂಜಿನವರೆಲ್ಲಾ ನಕ್ಕೆವು. ಮಂಟಪದಿಂದ ಇಳಿದು ಬಂದ ಗೋರಖನಾಥ ಮಾತ್ರ ನಗುತ್ತಿರಲಿಲ್ಲ. ಅವನಿಗೆ ಅದು ಚೇಷ್ಟೆ ಆಗಿರಲಿಲ್ಲ.

ಮೂವರೂ ಹೋಗಿ ಊಟಕ್ಕೆ ಕೂತರು. ನಂದಕುಮಾರ ಬಂದು ಪೂರಿ, ಬದನಿಕಾಯಿ ಪಲ್ಯ, ಬುಂದಿ ಬಡಿಸಿದ. "ಇನ್ನೊಂದಿಷ್ಟು ಹಾಕ್ಲೇನು ವೈನಿ?" ಎಂದು ಉತ್ತರಕ್ಕೆ ಕಾಯದೆ ಮತ್ತೊಂದು ಸೌಟು ಬುಂದಿ ಹಾಕಿದ. ಗೋರಖನಾಥ ತಲೆ ಎತ್ತಲಿಲ್ಲ, ಆದರೆ ತಾಟು ಖಾಲಿ ಮಾಡಿದ. ಟಬ್ಬು ಹಿಡಿದು ತಹಮೀನಾ ಸಾಲಿಗೆ ಬಂದಾಗ ಸುಭದ್ರಾಬಾಯಿ ಎದ್ದಳು. "ನೀ ಮುಟ್ಟಬ್ಯಾಡವಾ. ನಮ್ಮವು ನಾವು ಒಯ್ತೇವಿ. ನೀ ಕುಂಡ್ರು, ಉಣ್ಣು." ತಹಮೀನಾ ಕೂರಲಿಲ್ಲ. ನಿತಿನನ ಕಡೆ ನೋಡಿ, ಮುಂದಿನ ತಾಟಿಗೆ ಕೈ ಹಾಕಿದಳು. ಅವಳಿಗೆ ನಾಳೆ ಕೆಲಸಕ್ಕೆ ಹೋಗಬೇಕಾಗಿತ್ತು.

ಗೋರಖನಾಥನಿಗೂ ಹೋಗಬೇಕಾಗಿತ್ತು. ಹೋದ. ಮರುದಿನ ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ವಾಚಮನ್ ಅಡ್ಡ ನಿಂತ. ಒಳಗೆ ಬಿಡಬಾರದೆಂದು ಹುಕುಂ ಆಗಿತ್ತು. "ಮಾಲಕರು ತಾವೇ ಹೇಳಲಿ," ಎಂದು ಗೋರಖನಾಥ ಗೇಟಿನ ಮುಂದೆ ನಿಂತ. ಬಿಸಿಲು ಏರಿದ ಮೇಲೆ ಕಾರು ಬಂತು. ಗ್ಲಾಸು ಇಳಿಯಿತು.

ಈ ಭಾಗ ಅವನೇ ಗಂಜಿಗೆ ಬಂದು ಹೇಳಿದ್ದು. ಚಹಾ ಮುಟ್ಟಲಿಲ್ಲ, ಗಾದಿಯ ಮೇಲೆ ಕೂರಲಿಲ್ಲ, ನಿಂತೇ ಹೇಳಿದ.

ಭಾಲಚಂದ್ರ ಸಿಟ್ಟು ಮಾಡಲಿಲ್ಲವಂತೆ. ಅದೇ ಅವನಿಗೆ ಹೆಚ್ಚು ಉರಿದದ್ದು. ಮುಖ ಸಪ್ಪಗೆ ಮಾಡಿಕೊಂಡು, "ಗೋರಖ, ಬೀಗರ ಮುಂದ ನನ್ನ ಮಾನ ಕಳದಿ," ಅಂದರು.

"ನನ್ನ ಮಗಳೂ ಅಲ್ಲೇ ಇದ್ದಳ್ರಿ."

"ನಿನ್ನ ಮಗಳಿಗೇನಾತು? ನಾಕು ತಾಟ ಎತ್ತಿದ್ರ ಕೈ ಸವೀತಿದ್ದವೇನು? ನಮ್ಮ ವರದಾನೂ ಮನಿಯೊಳಗ ಎತ್ತತಾಳ."

"ನಿನ್ನೆ ಎತ್ತಿದ್ರೇನ್ರಿ ವರದಾತಾಯಿ?"

ಮಾಲಕರು ದೊಡ್ಡ ಮನಸ್ಸು ಮಾಡಿದವರ ಹಾಗೆ ಅಂದರು: "ಹೋಗ್ಲಿ. ಒಳಗ ಬಾ. ಎಲ್ಲಾರ ಮುಂದ ತಪ್ಪಾತು ಅನ್ನು, ಮಶೀನ್ ಚಾಲೂ ಮಾಡು. ನಾ ಮಾಫ್ ಮಾಡ್ತೇನಿ."

ಗೇಟಿನ ಒಳಗೆ ಮಂದಿ ಸೇರಿದ್ದರು. ತಹಮೀನಾ ಇದ್ದಳು, ನಂದಕುಮಾರ ಇದ್ದ. ಯಾರೂ ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು ಎಂದು ನಾನು ಅನ್ನುವುದಿಲ್ಲ, ಗಾದಿಯ ಮೇಲೆ ಕೂತು ಹಾಗೆ ಅನ್ನುವುದು ಸೋವಿ. ಗೋರಖನಾಥ ಹೇಳಿದ. ಮಾಸ್ಕಿನದು ಹೇಳಿದ. ಭಾನುವಾರದ ಸುಣ್ಣದ್ದು ಹೇಳಿದ. ತಹಮೀನಾನ ತಾಯಿಯದು ಹೇಳಿದ. ಅವಳು ಒಳಗಿನಿಂದ ಬೇಡ ಎಂದು ಕೈ ಮಾಡುತ್ತಿದ್ದರೂ ಹೇಳಿದ. ನನ್ನ ಅಂಗಡಿಯಲ್ಲಿ ಮೂರು ಭಾಷೆಯಲ್ಲಿ ಬೈಯುತ್ತಿದ್ದವನು ಅಲ್ಲಿ ಒಂದೂ ಕೆಟ್ಟ ಮಾತು ಆಡಲಿಲ್ಲವಂತೆ. ಕಡೆಗೆ, "ಸುಭದ್ರಾಗ ಫೋನ್ ಮಾಡ್ರಿ. ಊಟಕ್ಕ ಕರೆದಿದ್ವಿ, ಕೆಲಸಕ್ಕಲ್ಲ ಅಂತ ಒಂದು ಮಾತು ಹೇಳ್ರಿ. ನಾ ಈಗ ಮಶೀನ್ ಹಚ್ಚತೇನಿ," ಅಂದ.

ಕಾರಿನ ಗ್ಲಾಸು ಏರಿತು. ವಾಚಮನ್ ಗೇಟು ತೆರೆದು, ಕಾರು ಬಿಟ್ಟು, ಮತ್ತೆ ಮುಚ್ಚಿದ.

ಗೋರಖನಾಥ ಈಗ ಕೊಳಾರದಲ್ಲಿಲ್ಲ. ಕೊಳಾರದ ಮಾಲಕರಿಗೆಲ್ಲಾ ಫೋನಿದೆ, ಒಬ್ಬರಿಗೊಬ್ಬರು ಮಾಡುತ್ತಾರೆ. ಮದುವೆಯಲ್ಲಿ ನನ್ನ ಪಕ್ಕ ಕೂತು ಹೊಟ್ಟೆ ಹಿಡಿದು ನಕ್ಕಿದ್ದ ಒಬ್ಬ ಮಿಲ್ಲಿನವರು ಮರುವಾರ ನನಗೇ ಹೇಳಿದರು: "ಕೆಲಸಗಾರ ಚಲೋ ಅದಾನ, ಆದ್ರ ಬಾಯಿ ಅದ. ಬ್ಯಾಡಪ್ಪಾ." ಭಾಲ್ಕಿ ಕಡೆ ಒಂದು ಸಣ್ಣ ಹಿಟ್ಟಿನ ಗಿರಣಿಯಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ದಾಲ್ ಮಿಲ್ಲಿನ ಮನುಷ್ಯನಿಗೆ ಅದು ಇಳಿತ. ಅವನಿಗೂ ಗೊತ್ತು, ಮುಖದ ಮೇಲೆ ಕಾಣುತ್ತದೆ.

ಗೇಟು ಮುಚ್ಚಿದ ಆವತ್ತು ಅವನು ನನ್ನ ಅಂಗಡಿಯಲ್ಲಿ ನಿಂತಿರುವಾಗಲೇ ಸುಭದ್ರಾಬಾಯಿಯ ಫೋನು ಬಂತು. ಕಿವಿಗೆ ಹಿಡಿಯದೆ ಸ್ಪೀಕರಿಗೆ ಹಾಕಿದ.

"ಏನಂದರು?"

"ಮಾಫ್ ಮಾಡ್ತೇನಿ ಅಂದರು."

"ಯಾರಿಗೆ?"

"ನನಗ."

ಆ ಕಡೆ ಆಕೆ ಅಂಗನವಾಡಿ ಮಕ್ಕಳ ಗದ್ದಲ ಗದರಿಸಿ ನಿಲ್ಲಿಸಿದಳು. ಆಮೇಲೆ ಆಕೆ ಅಂದಳು: "ಖೋಲಿ ಖಾಲಿ ಮಾಡ್ರಿ. ಸಂಜಿ ಬಸ್ಸಿಗೆ ಬರ್ರಿ. ನಾ ರೊಟ್ಟಿ ಮಾಡಿಟ್ಟಿರ್ತೇನಿ."